ಹತ್ತೊಂಬತ್ತನೇ ಪೆಂಡಿ

ಕಟಾವಿನ ಮಷಿನ್ನು ಉಗುಳಿ ಹೋದ ಹುಲ್ಲು
ಶ್ಯಾಗಲೆ ಬಯಲ ತುಂಬ, ಕೂಳೆಯ ಮೇಲೆ,
ಇಬ್ಬನಿಗೆ ಮೆತ್ತಗಾಗಿ ಮಲಗಿತ್ತು.
ಹಾಲಮ್ಮ ಹಲುಬೆ ಕೊಟ್ಟು ಹೇಳಿದ್ದಿಷ್ಟು:
‘ತೇವ ಪೂರಾ ಆರೋಕ್ ಮುಂಚೆ ಎಳಿ, ಗರಿ ಮುರಿಯಲ್ಲ.
ಉಳಿದದ್ದು ಬಿಸಿಲು ನೋಡ್ಕೆಂತೈತಿ.
ಸಾಲು ಬೇಲರಿನ ಬಾಯಷ್ಟು ಅಗಲ ಇರ್ಲಿ,
ಹೆಚ್ಚಾದ್ರೆ ಕಕ್ಕತೈತಿ, ಕಮ್ಮಿಯಾದ್ರೆ ಡೀಸೆಲ್ ದಂಡ.
ನೆಲ ಕೆರೀಬ್ಯಾಡ. ಮಣ್ಣು ತಿನ್ನೋ ಎಮ್ಮೆ ಎಲ್ಲೂ ಇಲ್ಲ.’

ಎರಡು ತೆಳು ಸಾಲು ಸೇರಿಸಿ ಒಂದು,
ನಾಲೆಯ ಕಡೆಯಿಂದ ಹುಣಸೆಮರದ ಕಡೆಗೆ.
ಅವಳ ಸಾಲಿಗೆ ನೂಲು ಹಿಡಿಯಬಹುದಿತ್ತು.
ನನ್ನದು ನೀರಿಗೆ ಹೊರಟ ದನದ ದಾರಿ.

ಹತ್ತು ಗಂಟೆಗೆ ತೂಬಿನ ಮೂಲೆ ನನ್ನ ಪಾಲಿಗೆ ಬಂತು.
ಬದುವಿನ ಮೇಲೆ ಬೇಸಿಗೆ ಬೆಳೆಯ ಹಳೇ ಹುಲ್ಲಿನ ಗುಡ್ಡೆ;
ಯಾರೂ ನೋಡುತ್ತಿರಲಿಲ್ಲ. ಎಳೆದು ಸಾಲಿಗೆ ಸೇರಿಸಿದೆ.
ಪೆಂಡಿಗಿಷ್ಟು ಅಂತ ಕೂಲಿ, ತಪ್ಪೇನು?

ಮಧ್ಯಾಹ್ನ ಬುಡೇನ್ ಬೇಲರ್ ತಂದ.
ಅದು ನುಂಗಿ, ದಾರ ಸುತ್ತಿ, ಹಿಂದೆ ಬೀಳಿಸುತ್ತ ಹೋದದ್ದನ್ನು
ಬದುವಿಗೆ ಉರುಳಿಸಿ ನಿಲ್ಲಿಸಿದೆವು,
ಬಿದ್ದ ಕ್ರಮದಲ್ಲೇ, ಅರವತ್ತೆರಡು.
ಲಾರಿ ಬರುವ ಹೊತ್ತಿಗೆ ಹಾಲಮ್ಮ ಸೊಂಟ ತಡವಿಕೊಂಡಳು.
ಸಂಚಿ ಇಲ್ಲ.
ಎಲೆ, ಅಡಿಕೆ, ಸುಣ್ಣದ ಡಬ್ಬಿ, ವಾರದ ಲೆಕ್ಕದ ಚೀಟಿ.

‘ಯಾವ್ದೋ ಊರಿನ ಎಮ್ಮೆ ಎಲೆಅಡಿಕೆ ಹಾಕ್ಕೆಂತೈತಿ ಬಿಡಕ್ಕ’
ಬುಡೇನ್ ನಕ್ಕ. ಅವಳು ಬೆರಳು ಮಡಿಚುತ್ತಿದ್ದಳು.
‘ಮೂವತ್ತು ಹೆಜ್ಜೆಗೊಂದು ಪೆಂಡಿ. ಸಾಲಿಗೆ ನಾಕು.
ನೀರು ಕುಡಿಯಾಕ್ ಇಳಿಸಿದ್ದು ಐದನೇ ಸಾಲು, ತೂಬು ದಾಟಿ.
ನಾಕ್ ನಾಕ್ಲಿ ಹದಿನಾರು, ಮ್ಯಾಲೆ ಮೂರು.
ಹತ್ತೊಂಬತ್ತು ಬಿಚ್ರಿ.’

ದಾರ ಕೊಯ್ದರು.
ಹೊಂಬಣ್ಣದ ಸಿಪ್ಪೆಯೊಳಗೆ ಕಪ್ಪು, ಬೂಷ್ಟು, ಹಸಿ ನಾತ,
ಗೊಬ್ಬರದ ಚೀಲದ ಒಂದು ಚೂರು.
ಸಂಚಿ ಇರಲಿಲ್ಲ.
ಹಾಲಮ್ಮ ಒಂದು ಹಿಡಿ ಹುಲ್ಲು ಮೂಸಿದಳು. ನನ್ನ ನೋಡಿದಳು.
ಆಮೇಲೆ, ಯಾರಿಗೂ ಅಲ್ಲದಂತೆ:
‘ಹಂಗಾರೆ ಇಪ್ಪತ್ತು.’

ಇಪ್ಪತ್ತರಲ್ಲಿತ್ತು.
ಸುಣ್ಣದ ಡಬ್ಬಿ ನಜ್ಜುಗುಜ್ಜು, ಚೀಟಿ ನೆಟ್ಟಗೆ.
ಅಡಿಕೆ ಚೂರು ಬಾಯಿಗೆ ಹಾಕಿಕೊಂಡು, ನನಗೂ ಒಂದು ಕೊಟ್ಟು,
ಹಲುಬೆ ನನ್ನ ಕಡೆ ಚಾಚಿದಳು.
ಬುಡೇನ್ ಎಂಜಿನ್ ಆರಿಸಲಿಲ್ಲ.
ಎರಡು ಪೆಂಡಿಯ ಹುಲ್ಲು ಹರಡಿ ಆರಿಸತೊಡಗಿದೆ:
ಕರಿದು ಬದುವಿಗೆ, ಬಿಳಿದು ಸಾಲಿಗೆ,
ಬೇಲರಿನ ಬಾಯಷ್ಟೇ ಅಗಲ.