ಹದಿನೇಳನೆಯ ಚುಕ್ಕಿ

ಗುರುವಾರ, ಎರಡು ಗಂಟೆ, ಕಾರ್ಡಿಫ್.
ಹೊರಗೆ ಯಾರದೋ ಚಿಪ್ಸ್ ಪೊಟ್ಟಣಕ್ಕೆ ಕಡಲಹಕ್ಕಿಗಳ ಜಗಳ.
ನೆಲಮಾಳಿಗೆಯಲ್ಲಿ ಇಪ್ಪತ್ತಾರು ಕಂಪ್ಯೂಟರು, ಇಪ್ಪತ್ತನಾಲ್ಕು ಮಕ್ಕಳು,
ಎರಡು ಕೀಲಿಮಣೆಗೆ ಕಾಯಿಲೆ.

ಬಯೋಮೆಡಿಕಲ್, ಎರಡನೇ ವರ್ಷ. ಈ ಪಾಠ ಯಾರಿಗೂ ಬೇಡ.
ರೋಗಾಣು ನೋಡಲು ಬಂದವರಿಗೆ
ನಾನು ಅಡ್ಡಸಾಲು, ಕಂಬಸಾಲು ತೋರಿಸುತ್ತೇನೆ.
ಮೊದಲ ದಿನ, ಮಾರ್ಚ್ ಒಂದು ಎಂಬ ಜೀನು
ಎಂಟರ್ ಒತ್ತಿದ್ದೇ ತಡ ತಾರೀಖಾಗಿ ಕೂತಿತು.
ನಕ್ಕರು. ನಗಲಿ ಎಂದೇ ಮಾಡಿಸಿದ್ದು.
ಯಂತ್ರ ಸುಳ್ಳು ಹೇಳುವುದಿಲ್ಲ, ಅಂದೆ,
ತನಗೆ ತಿಳಿದಂತೆ ನಿಮ್ಮನ್ನು ತಿದ್ದುತ್ತದೆ.
ಹೆದರಬೇಕಾದ್ದು ಅದಕ್ಕೆ.

ಮೂರನೇ ವಾರ ಬೆರಳು ಚುಚ್ಚಿಕೊಂಡರು.
ತಮ್ಮದೇ ರಕ್ತ, ತಮ್ಮದೇ ಹಿಮೋಗ್ಲೋಬಿನ್,
ಹೆಸರಿಲ್ಲ, ಬರೀ ನಂಬರು.
ಯಾವ ನಂಬರು ಯಾರೆಂಬ ಚೀಟಿ ನನ್ನ ಮೇಜಿನ ಖಾನೆಯಲ್ಲಿ,
ಕೀಲಿ ಕೋಟಿನ ಜೇಬಿನಲ್ಲಿ.

ಪರದೆಯ ಮೇಲೆ ಚುಕ್ಕಿಗಳೆದ್ದವು:
ನೂರಾ ಮೂವತ್ತು, ನೂರಾ ನಲವತ್ತೆರಡು,
ಮಳೆಗೆ ಒತ್ತಿ ನಿಂತ ಕುರಿಗಳ ಹಾಗೆ.
ಕೆಳಗೆ, ತುಂಬ ಕೆಳಗೆ, ಎಪ್ಪತ್ತೊಂಬತ್ತು.
ಒಂಟಿ.

'ಹದಿನೇಳು ತಪ್ಪು,' ಹಿಂದಿನ ಸಾಲಿನಿಂದ ಯೆಸ್ಟಿನ್,
'ತೆಗೆದುಬಿಡೋಣ, ಸರಾಸರಿ ಕೆಡಿಸುತ್ತೆ.'
ಆಟಕ್ಕುಂಟು, ಲೆಕ್ಕಕ್ಕಿಲ್ಲ.
ಆಗಲೇ ಅವನ ಬೆರಳು ಡಿಲೀಟ್ ಮೇಲೆ.

ಮೂಲೆಯಲ್ಲಿ ಸಗಲ್. ಬ್ಯೂಟ್‌ಟೌನಿನ ಹುಡುಗಿ,
ಮುತ್ತಜ್ಜ ಹಡಗಿನ ಒಲೆಗೆ ಕಲ್ಲಿದ್ದಲು ಸುರಿಯುತ್ತ
ಸೊಮಾಲಿಯಾದಿಂದ ಬಂದಿಳಿದವನಂತೆ.
ಅವಳು ಪರದೆ ನೋಡುತ್ತಿರಲಿಲ್ಲ,
ಬೆರಳಿಗೆ ಸುತ್ತಿದ ಹತ್ತಿಯನ್ನು ನೋಡುತ್ತಿದ್ದಳು.
ತೂಕಡಿಸಿದ್ದಕ್ಕೆ ಎರಡು ಸಲ ಗದರಿದ್ದೆ ಅವಳನ್ನು.
ರಾತ್ರಿಯೆಲ್ಲ ಫೋನು, ಎಂದುಕೊಂಡಿದ್ದೆ.

'ಅಳೆಯದೆ ಅಳಿಸಬೇಡಿ,' ಅಂದೆ.
ದನಿ ಬೇಕಾದ್ದಕ್ಕಿಂತ ಜೋರಾಯಿತು.

ಆ ಸಂಜೆ ಬಾಗಿಲು ಮುಚ್ಚಿ ಇಬ್ಬರೇ ಅಳೆದೆವು.
ಎಪ್ಪತ್ತೊಂಬತ್ತು. ಎಪ್ಪತ್ತೆಂಟು. ಎಪ್ಪತ್ತೊಂಬತ್ತು.
ಯಂತ್ರ ಹುಷಾರಾಗಿತ್ತು.
ಅಂಗಡಿಯ ರಸೀದಿಯ ಬೆನ್ನಿಗೆ ಡಾಕ್ಟರ ನಂಬರು ಬರೆದುಕೊಟ್ಟೆ.
ಹೆಚ್ಚು ಮಾತಿರಲಿಲ್ಲ.

ಹನ್ನೊಂದನೇ ವಾರ, ಎದ್ದು ನಿಂತು ಮಂಡಿಸುವ ವಾರ.
ಗೋಡೆಯ ಜೊತೆ ಮಾತಾಡಬೇಡಿ, ಸ್ಲೈಡನ್ನು ಓದಬೇಡಿ,
ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅನ್ನಿ:
ನಾನು ಹೇಳಿಕೊಟ್ಟದ್ದು ಇಷ್ಟೇ.
ಯೆಸ್ಟಿನ್ ಹತ್ತು ನಿಮಿಷದ್ದನ್ನು ಆರರಲ್ಲಿ ಓಡಿ ಮುಗಿಸಿದ.
ಸಗಲ್ ಒಂದೇ ನಕ್ಷೆ ತಂದಿದ್ದಳು.
ಹದಿನೇಳಕ್ಕೆ ಕೆಂಪು ಹಚ್ಚಿರಲಿಲ್ಲ,
ಎಲ್ಲರಂತೆ ಅದೂ ಕಪ್ಪು.

'ಅದನ್ನು ಯಾಕೆ ಉಳಿಸಿಕೊಂಡೆ?' ಕೇಳಿದ್ದು ಅವನೇ.
'ಮತ್ತೆ ಅಳೆದೆವು. ಅಲ್ಲೇ ಇತ್ತು.'
ಬಾಟಲಿಯ ಮುಚ್ಚಳ ತಿರುಗಿಸಿ ನೀರು ಕುಡಿದಳು.
'ಈಗ ನೂರಾ ನಾಲ್ಕು.'

ಯಾರದೋ ಕುರ್ಚಿ ಕಿರುಗುಟ್ಟಿತು.

ನನ್ನ ಹಾಳೆಯಲ್ಲಿ ಖಾನೆಗಳು:
ಸ್ಪಷ್ಟತೆ, ಕಣ್ಣೋಟ, ಸಮಯ.
ನಲವತ್ತು ಸೆಕೆಂಡು ಮೀರಿದ್ದಳು.
ಒಂದು ಅಂಕ ಕಳೆದೆ. ನಿಯಮ.
ಪೆನ್ನು ಬೇಕೆಂದೇ ಹಗುರವಾಗಿ ಒತ್ತಿದೆ.

ದೀಪ ಆರಿಸಲು ಬಂದಾಗ ಯೆಸ್ಟಿನ್ ಇನ್ನೂ ಅಲ್ಲೇ ಕೂತಿದ್ದ,
ತನ್ನ ಹಳೆಯ ಕಡತ ತೆರೆದು,
ಸರಾಸರಿಯನ್ನು ಮೊದಲಿನಿಂದ ಹಾಕುತ್ತಿದ್ದ,
ಇಪ್ಪತ್ತನಾಲ್ಕರಿಂದ ಭಾಗಿಸಿ.