ಶುಕ್ರವಾರದ ಬೆಳ್ಳಿ

ನಗರ್ತಪೇಟೆಯ ನಮ್ಮ ಅಂಗಡಿಗೆ
ಮೂರೇ ಮೆಟ್ಟಿಲು, ಮೂರೂ ಸವೆದಿವೆ.
ಕಮ್ಮನಹಳ್ಳಿಯಿಂದ ಎರಡು ಬಸ್ಸು ಬದಲಿಸಿ ಬಂದವಳು
ಕರವಸ್ತ್ರದ ಗಂಟು ಬಿಚ್ಚಿ
ತಕ್ಕಡಿಯ ಪಕ್ಕ ಇಟ್ಟಳು. ತಟ್ಟೆಯೊಳಗಲ್ಲ.

ಲೋಮೆಯ ಬ್ಯಾಂಕಿನಲ್ಲಿ ಜವಾನನಾಗಿದ್ದ ಅಜ್ಜನಿಗೆ
ಒಕ್ಕೂಟಕ್ಕೆ ಹತ್ತು ವರ್ಷ ತುಂಬಿದಾಗ ಸಿಕ್ಕಿದ್ದಂತೆ.
ಖರ್ಚಿಗಲ್ಲ, ನೆನಪಿಗೆಂದು ಅಚ್ಚೊತ್ತಿದ್ದು.
ಒಂದು ಮುಖದಲ್ಲಿ ಮೀನು,
ಮೂತಿ ಇರಬೇಕಾದ ಕಡೆ ಗರಗಸ.

ಅಪ್ಪ ಅದನ್ನು ಕಲ್ಲಿನ ಮೇಲೆ ಬೀಳಿಸಿ ಆಲಿಸಿದರು.
ಎಡಗಿವಿ ಮಂದ; ಬಲಗಿವಿ ಬಗ್ಗಿಸಿ ಇನ್ನೊಮ್ಮೆ.
"ಮಾಲು ಒಳ್ಳೇದು" ಎಂದರು,
ಸತ್ತವರ ಗುಣ ಹೇಳುವ ದನಿಯಲ್ಲಿ.
ಇಪ್ಪತ್ತೈದು ಗ್ರಾಮಿಗೆ ಕೂದಲೆಳೆಯಷ್ಟು ಕಮ್ಮಿ.

ಯಾವ ದೇಶದ್ದು?
ಒಂದರದ್ದಲ್ಲ, ಆಗ ಏಳು ದೇಶ ಇದ್ದವು, ದುಡ್ಡು ಒಂದೇ,
ಅಂದಳು ಅರೆಬರೆ ಹಿಂದಿಯಲ್ಲಿ.
ಅಪ್ಪನಿಗೆ ನಾನು ಕನ್ನಡ ಮಾಡಿದೆ:
ಒಲೆ ಏಳು, ಗಲ್ಲಾಪೆಟ್ಟಿಗೆ ಒಂದು.
ಅಪ್ಪ ಕನ್ನಡಕ ತೆಗೆದರು.
ಈ ಗೋಡೆಯ ಆಚೆ ಚಿಕ್ಕಪ್ಪನ ಅಂಗಡಿ;
ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಎದ್ದ ಗೋಡೆ.
"ಬೀಗದ ಕೈ ಯಾರ ಸೊಂಟದಲ್ಲಿತ್ತು, ಕೇಳು."

ಕೇಳಿದೆ. ನಕ್ಕಳು, ಹಲ್ಲು ಕಾಣದ ಹಾಗೆ.
ಅಜ್ಜನೂ ಅದನ್ನೇ ಕೇಳುತ್ತಿದ್ದನಂತೆ.
ಪ್ಯಾರಿಸ್ಸಿನಲ್ಲಿ, ಅಂತ ತಾನೇ ಹೇಳಿಕೊಳ್ಳುತ್ತಿದ್ದನಂತೆ.

ಹಿಂದಿನ ಓಣಿಯಲ್ಲಿ ಮೌನೇಶಾಚಾರ್ ಉರಿ ಏರಿಸುವ ಸದ್ದು.
ಮೂಸೆಗೆ ದೇಶ ಗೊತ್ತಿಲ್ಲ.
ಮುರಿದ ಕಾಲುಂಗುರ, ಯಾರದೋ ಭರಣಿ
ಅಂಟಿದ ಕುಂಕುಮದ ಸಮೇತ.
ಈ ಮೀನೂ ಅಲ್ಲಿ ಎರಡು ಕ್ಷಣ ಈಜೀತು.

ಫೀಸಿಗೆ ಸಾಲದು, ಪರೀಕ್ಷೆಯ ಶುಲ್ಕಕ್ಕೆ ಸಾಕು.
ರಸೀದಿ ಪುಸ್ತಕ ತೆರೆದು 'ಖರೀದಿ' ಎಂದು ಬರೆದೆ. ಹೆಸರು?
"ಅಫಿ."
ಶುಕ್ರವಾರ ಹುಟ್ಟಿದ ಹೆಣ್ಣಿಗೆ ಅವರಲ್ಲಿ ಇಡುವ ಹೆಸರು.

ಶುಕ್ರವಾರ ಯಾರ ಮನೆಯ ಬೆಳ್ಳಿಯನ್ನೂ ಕೊಳ್ಳದವರು ಅಪ್ಪ.
ಇವತ್ತು ಬುಧವಾರ ಎಂದೆ.
"ಗೊತ್ತು ಕಣೆ. ಆದರೆ ವಾರವೇ ಎದ್ದು ಬಂದು
ಎದುರಿಗೆ ಕೂತಿದೆಯಲ್ಲ."

ನನ್ನ ಕೈಯಿಂದ ಪೆನ್ನು ಕಿತ್ತುಕೊಂಡು
'ಖರೀದಿ' ಹೊಡೆದು 'ಅಡವು' ಎಂದು ಬರೆದರು.
ಬಡ್ಡಿಯ ಜಾಗದಲ್ಲಿ ಒಂದು ಅಡ್ಡಗೆರೆ.

ಅವಳು ನೋಟು ಎಣಿಸಲಿಲ್ಲ.
ಮೀನು ಒಳಗೆ ಹೋಯಿತು, ಬೀಗ ಬಿತ್ತು,
ಬೀಗದ ಕೈ ಅಪ್ಪನ ಉಡಿದಾರಕ್ಕೆ.
ಅದನ್ನೇ ನೋಡುತ್ತಾ
ಹಿಂದುಹಿಂದಾಗಿ ಇಳಿದಳು
ಮೂರು ಮೆಟ್ಟಿಲು.