ಬಳಕೆ ಪ್ರಮಾಣಪತ್ರ

ಹಣ ಬಂದದ್ದು ಮಾರ್ಚ್ ಹತ್ತೊಂಬತ್ತಕ್ಕೆ.
ಕಪ್ಪೆ ಬರುವುದು ಜೂನಿಗೆ.
ಮೂವತ್ತೊಂದರೊಳಗೆ ಮುಗಿಸಿ ಮೇಡಂ,
ಉಳಿದರೆ ವಾಪಸು, ಎಂದರು ಉತ್ತಯ್ಯ,
ಲೆಕ್ಕಶಾಖೆಯ ಕಿಂಡಿಯಲ್ಲಿ ಬರೀ ಕನ್ನಡಕವಾಗಿ.

ಎರಡು ವರ್ಷದ ಹಿಂದಿನ ಅರ್ಜಿ ಅದು.
ಏಳು ಪ್ರತಿ.
'ಸಮಾಜಕ್ಕೆ ಇದರ ಉಪಯೋಗ' ಎಂಬ ಅಂಕಣದ ಮುಂದೆ
ಇಡೀ ಒಂದು ಭಾನುವಾರ ಕೂತು
ಕಡೆಗೆ ಬರೆದಿದ್ದೆ: ಸೊಳ್ಳೆ ತಿನ್ನುತ್ತವೆ.

ಹನ್ನೆರಡು ದಿನದಲ್ಲಿ ಕೊಂಡೆ
ಹಣೆಗೆ ಕಟ್ಟುವ ದೀಪ ಎರಡು,
ಜಿಗಣೆ ತಡೆಯುವ ಕಾಲುಚೀಲ ನಾಲ್ಕು ಜೊತೆ,
ಮೈಸೂರಿನಿಂದ ಒಂದು ಧ್ವನಿಮುದ್ರಕ
(ಮೂರು ಕೊಟೇಶನ್, ಮೂರಕ್ಕೂ ಒಂದೇ ಕೈಬರಹ).
ಬಿರುನಾಣಿಗೆ ಹೋಗಿಯೂ ಬಂದೆ, ಪ್ರಯಾಣಭತ್ಯೆಯ ಸಲುವಾಗಿ.
ಕಲ್ಲಸಂದಿಯಲ್ಲಿ ತೊರೆ ನಾಲಗೆಯಷ್ಟೇ ಒದ್ದೆ.
ದಾರಿಯುದ್ದ ಕಾಫಿ ಹೂಬಿಟ್ಟು ನಿಂತಿತ್ತು,
ಅದಕ್ಕೆ ಯಾರೂ ಬಿಲ್ಲು ಕೇಳಲಿಲ್ಲ.

ಪುಣೆಯಲ್ಲಿ ಐದು ದಿನ ಸಾಮರ್ಥ್ಯವೃದ್ಧಿ,
ಒಂಬತ್ತು ಸಾವಿರ.
ಒಂದು ಚೀಲ ಕೊಟ್ಟರು, ಒಂದು ಪೆನ್ನು.
ಪೆನ್ನು ಮಳೆಯಲ್ಲಿ ಬರೆಯುವುದಿಲ್ಲ.

ಕಕ್ಕಡ ಹಿಡಿಯಿತು.
ತೋಟದ ಕೆಲಸ ತಪ್ಪಿಸಿ ಚಾತ ಬಂದ,
ಗೊಬ್ಬರದ ಚೀಲ ಮಡಿಚಿ ತಲೆಗೆ ಹಾಕಿಕೊಂಡು.
ದೀಪ ಹಚ್ಚಿದೆ. ಆರಿಸಿ, ಎಂದ.
ಕೂತೆವು.
ಜಿಗಣೆಗಳು ಕಾಲುಚೀಲದ ಲೇಬಲ್ಲು ಓದಿಕೊಂಡು ಮೇಲೆ ಬಂದವು.
ಮೂರನೇ ರಾತ್ರಿ ಧ್ವನಿಮುದ್ರಕ ನೀರು ಕುಡಿದು ಸತ್ತಿತು.
ಆಮೇಲೆ ಉಳಿದದ್ದು ಚಾತನ ಕಿವಿ, ನನ್ನ ಪೆನ್ಸಿಲು.

ಟ್ರಕ್ ಟ್ರಕ್ ಎಂದಿತು ಏನೋ ಎಲೆಯಡಿ.
ಹೆಣ್ಣನ್ನು ಕರೆಯುತ್ತಿದೆ, ಎಂದೆ, ಓದಿದವಳು.
ಅಲ್ಲ, ಎಂದ. ಇದು ಜಾಗದ ಜಗಳ.
ಆ ಕಲ್ಲು ನನ್ನದು ಅನ್ನುತ್ತಿದೆ.
ಸ್ವಲ್ಪ ಹೊತ್ತು ಬಿಟ್ಟು:
ನಾವು ಲೈನುಮನೆಯವರು. ನಮಗೆ ಇದು ಬೇಗ ತಿಳಿಯುತ್ತದೆ.

ಹಗಲು ಇನ್ನೊಂದನ್ನು ತೋರಿಸಿದ, ಹೆಬ್ಬೆರಳ ಉಗುರಿನಷ್ಟು.
ತೊರೆಯ ಆರ್ಭಟದಲ್ಲಿ ಕೂಗಿದರೆ ಯಾರಿಗೆ ಕೇಳೀತು?
ಅದು ಹಿಂಗಾಲು ಚಾಚಿ ಬೀಸುತ್ತದೆ,
ಕಾಯುತ್ತದೆ,
ಮತ್ತೆ ಬೀಸುತ್ತದೆ.
ಏಳು ಪ್ರತಿ, ಅಂದುಕೊಂಡೆ.

ಡಿಸೆಂಬರಿಗೆ ಎರಡನೇ ಕಂತು, ಜೊತೆಗೆ ಆಕ್ಷೇಪಣೆ:
ಕ್ಷೇತ್ರ ಸಹಾಯಕ, ಹೆಸರು ಚಾತ,
ಸ್ನಾತಕೋತ್ತರ ಪದವಿಯ ಪ್ರತಿ ಲಗತ್ತಿಸಿಲ್ಲ,
ಕೂಲಿ ಮಂಜೂರು ಮಾಡಲು ಬರುವುದಿಲ್ಲ.

ಉತ್ತಯ್ಯ ಕಾಗದ ಓದಿದರು, ತಿರುಗಿಸಿ ಖಾಲಿ ಹಿಂಬದಿಯನ್ನೂ.
ನಿವೃತ್ತಿಗೆ ನಾಲ್ಕು ತಿಂಗಳಿದ್ದ ಮನುಷ್ಯ,
ನನ್ನ ಒಂದು ಬಿಲ್ಲನ್ನೂ ಒಂದೇ ಸಲಕ್ಕೆ ಪಾಸು ಮಾಡದವರು.
ಅವನು ನಿಮಗೆ ಕಲಿಸಿದನೋ ಮೇಡಂ,
ನೀವು ಅವನಿಗೋ?
ಅವನೇ.
ಹಾಗಾದರೆ ಸಹಾಯಕ ಅಂತ ಯಾಕೆ ಬರೆದಿರಿ, ತಪ್ಪಲ್ಲವೇ?
ಕೆಂಪು ಶಾಯಿಯಲ್ಲಿ ಹೊಡೆದುಹಾಕಿ
ಕೆಳಗೆ, ಅಧ್ಯಾಪಕರ ತರಬೇತಿ ಎಂಬಲ್ಲಿ, ಗುಂಡಗೆ ಬರೆದರು:
ಸಂಪನ್ಮೂಲ ವ್ಯಕ್ತಿ, ಶ್ರೀ ಚಾತ ಅವರು,
ಆರು ಉಪನ್ಯಾಸ, ತಲಾ ಸಾವಿರದಂತೆ.
ಇಲ್ಲಿ ಪದವಿ ಕೇಳಿಲ್ಲ, ಎಂದರು. ಮರೆತಿದ್ದಾರೆ.

ಚಾತ ಅವರು ಸೋಮವಾರ ಬಂದರು,
ಇಸ್ತ್ರಿ ಮಾಡಿದ ಅಂಗಿ ತೊಟ್ಟು.
ರೆವಿನ್ಯೂ ಸ್ಟ್ಯಾಂಪಿನ ಮೇಲೆ ಹೆಬ್ಬೆಟ್ಟೊತ್ತಿ
ಎರಡು ಸಲ ಎಣಿಸಿದರು.
ಕೂಲಿಗಿಂತ ಜಾಸ್ತಿಯಾಯಿತಲ್ಲ?
ಪಾಠಕ್ಕೆ, ಎಂದೆ.
ಹಾಗೋ, ಎಂದು ನಕ್ಕರು. ಹಾಗಾದರೆ ಪರೀಕ್ಷೆ ಬೇಡವೇ?

ಕಿಟಕಿಯಾಚೆ, ನೀರಿನ ಟ್ಯಾಂಕಿನ ಕೆಳಗಿನ ತೇವದಲ್ಲಿ
ಏನೋ ಒಂದೇ ಸಲ ಕೂಗಿ ಸುಮ್ಮನಾಯಿತು.
ಯಾವುದು, ಹೇಳಿ?
ಉತ್ತಯ್ಯ ಸೀಲು ಎತ್ತಿದ ಕೈಯನ್ನು ಹಾಗೇ ನಿಲ್ಲಿಸಿ
ನನ್ನನ್ನೇ ನೋಡಿದರು.

ಹೇಳಿದೆ.
ತಪ್ಪು.